ಅಜ್ಜಾರ ಕಷಾಯ, ಲ್ಯಾಬಿನ ಮೆಥನಾಲ್: ಗದಗದ ಗಿಡಮೂಲಿಕೆ ಪರೀಕ್ಷಿಸಿದ ಅನುಭವ

ಬಂದರಿಕೆ, ತಂಗಡಿ, ಲಕ್ಕಿ, ಅಳಲೆಕಾಯಿ. ನಾನು ಪರೀಕ್ಷೆಗೆ ಆರಿಸಿಕೊಂಡಿದ್ದು ಈ ನಾಲ್ಕನ್ನು. ಗದಗ ಜಿಲ್ಲೆಯ ಕಪ್ಪತಗುಡ್ಡ ಬೆಟ್ಟಸಾಲಿನ ಸುತ್ತಲಿನ ಹಳ್ಳಿಗಳಲ್ಲಿ ಇವುಗಳ ಬಳಕೆ ಇನ್ನೂ ನಿಂತಿಲ್ಲ. ಗಾಯಕ್ಕೆ ಬಂದರಿಕೆ ಎಲೆ ಕಟ್ಟುತ್ತಾರೆ. ಬಾಣಂತಿಗೆ ಲಕ್ಕಿ ಸೊಪ್ಪು ಹಾಕಿ ಕಾಸಿದ ನೀರು ಎರೆಯುತ್ತಾರೆ. ಬಾಯಿಹುಣ್ಣಿಗೆ ಅಳಲೆ ತೇದು ಹಚ್ಚುತ್ತಾರೆ. ಬ್ಯಾಕ್ಟೀರಿಯಾ ಮೇಲೆ ಇವುಗಳ ಪ್ರಭಾವ ಎಷ್ಟು ಅಂತ ಕಣ್ಣಾರೆ ನೋಡಬೇಕಿತ್ತು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಒಂದು ಎಲೆಯನ್ನೂ ಕೀಳಬಾರದು. ಅದರ ಅಗತ್ಯವೂ ಬೀಳಲಿಲ್ಲ. ಬಂದರಿಕೆ, ತಂಗಡಿ ಡೋಣಿ ಊರಿನ ಕಡೆಯ ಹೊಲದ ಬದುಗಳಲ್ಲೇ ಸಿಕ್ಕವು, ಲಕ್ಕಿ ಹಳ್ಳದ ದಂಡೆಯಲ್ಲಿ. ಅಳಲೆಕಾಯಿ ಮಾತ್ರ ಗದಗ ಪೇಟೆಯಲ್ಲಿ ಕೊಂಡೆ. ಹೂವಿರುವ ಟೊಂಗೆಗಳನ್ನು ಪೇಪರಿನಲ್ಲಿ ಒತ್ತಿ ಒಣಗಿಸಿ, ಧಾರವಾಡದಲ್ಲಿ ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ ಹೆಸರು ಖಚಿತ ಮಾಡಿಕೊಂಡೆ. ಯಾವ ಗಿಡ ಅಂತಲೇ ಗಟ್ಟಿಯಾಗದಿದ್ದರೆ ಮುಂದಿನ ಅಷ್ಟೂ ಕೆಲಸ ದಂಡ.

ಒಣಗಿಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೆರಳಲ್ಲೇ ಒಣಗಬೇಕು, ಆದರೆ ಬೇಗ ಒಣಗಬೇಕು. ಗದಗದ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಎಲೆಗೆ ಬೂಸ್ಟು ಹಿಡಿದರೆ ಬರೀ ಎಲೆ ಕೆಡುವುದಲ್ಲ. ಬೂಸ್ಟೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ತಯಾರಿಸಬಹುದು. ಪೆನ್ಸಿಲಿನ್ ಸಿಕ್ಕಿದ್ದು ಹಾಗೇ ಅಲ್ವಾ? ಆಮೇಲೆ ಪರೀಕ್ಷೆಯಲ್ಲಿ ಕಂಡದ್ದು ಗಿಡದ ಗುಣವೋ ಬೂಸ್ಟಿನದೋ ಹೇಳಲಾಗದು.

ಪುಡಿಯನ್ನು ಆಲ್ಕೋಹಾಲ್ ಜಾತಿಯ ದ್ರವವಾದ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ದ್ರವ ಆರಿಹೋಗಲು ಬಿಟ್ಟು ಸಾರ ತೆಗೆಯುವುದು ಹಲವು ಲ್ಯಾಬುಗಳ ರೂಢಿ. ನಾನು ಅದರ ಜೊತೆಗೆ ನೀರಿನಲ್ಲಿ ಕುದಿಸಿದ ಸಾರವನ್ನೂ ತೆಗೆದೆ. ಜನ ಮೆಥನಾಲ್ ಕುಡಿಯುವುದಿಲ್ಲ, ಅದು ವಿಷ. ಅವರು ಬಳಸುವ ರೀತಿಯಲ್ಲೇ ಪರೀಕ್ಷಿಸದಿದ್ದರೆ ಅವರ ಔಷಧಿಯ ಬಗ್ಗೆ ನಾವು ಮಾತಾಡುವುದು ಹೇಗೆ?

ಮುಲ್ಲರ್ ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಪದಾರ್ಥ) ಪ್ಲೇಟಿನ ಮೇಲೆ ಸ್ಟ್ಯಾಫಿಲೊಕಾಕಸ್ ಮತ್ತು ಇ. ಕೋಲಿ ಬ್ಯಾಕ್ಟೀರಿಯಾ ಹರಡಿದೆ. ಹರಡುವ ಮುಂಚೆ ಬ್ಯಾಕ್ಟೀರಿಯಾ ದ್ರಾವಣದ ಮಬ್ಬನ್ನು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟು ದಟ್ಟವಾಗಿವೆ ಎಂಬುದನ್ನು, 0.5 ಮ್ಯಾಕ್‌ಫಾರ್ಲ್ಯಾಂಡ್ ಅಳತೆಗೆ ಸರಿಹೊಂದಿಸಿದ್ದೆ. ಬ್ಯಾಕ್ಟೀರಿಯಾ ತೆಳ್ಳಗೆ ಬಿದ್ದರೆ ಯಾವ ಸಾರವೂ ಶೂರನಂತೆ ಕಾಣುತ್ತದೆ. ಅಗರ್‌ನಲ್ಲಿ 6 ಮಿಮೀ ಗುಂಡಿ ಕೊರೆದು ಸಾರ ತುಂಬಿ, 37 ಡಿಗ್ರಿಯಲ್ಲಿ ಇಡೀ ರಾತ್ರಿ ಇಟ್ಟೆ. ಪ್ರತಿ ಪ್ಲೇಟಿನಲ್ಲೂ ಒಂದು ಗುಂಡಿಗೆ ಹೋಲಿಕೆಗಾಗಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್, ಇನ್ನೊಂದಕ್ಕೆ ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಮಾತ್ರ. ಈ ಡಿಎಂಎಸ್‌ಒ ಗುಂಡಿಯೇ ನನಗೆ ಎಲ್ಲಕ್ಕಿಂತ ಮುಖ್ಯ. ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವಲಯ ಕಂಡರೆ ಕೊಂದದ್ದು ದ್ರಾವಕವೇ ಇರಬಹುದು, ಆ ಪ್ಲೇಟಿನ ಲೆಕ್ಕ ಬರೆಯಬಾರದು.

ಸ್ಟ್ಯಾಫಿಲೊಕಾಕಸ್ ಮೇಲೆ ಅಳಲೆಯ ವಲಯ ಎಲ್ಲಕ್ಕಿಂತ ದೊಡ್ಡದಿತ್ತು. ನೀರಿನ ಸಾರವೂ ಮೆಥನಾಲ್ ಸಾರಕ್ಕೆ ಹೆಚ್ಚು ಕಡಿಮೆ ಸಮನಾಗಿ ನಿಂತಿತು. ಅಳಲೆಯ ಟ್ಯಾನಿನ್‌ಗಳು (ಒಗರು ರುಚಿ ಕೊಡುವ ವಸ್ತುಗಳು) ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಇ. ಕೋಲಿ ಮಾತ್ರ ಹೆಚ್ಚು ಜಗ್ಗಲಿಲ್ಲ. ಅದಕ್ಕೆ ಹೊರಗೊಂದು ಪೊರೆ ಜಾಸ್ತಿ ಇರುತ್ತದೆ, ಎಷ್ಟೋ ವಸ್ತುಗಳು ಅದನ್ನು ದಾಟಲಾರವು. ಲಕ್ಕಿ ಎರಡರ ಮೇಲೂ ಸಪ್ಪೆ. ಬಂದರಿಕೆಯ ಮೆಥನಾಲ್ ಸಾರ ಚೆನ್ನಾಗಿ ಕೆಲಸ ಮಾಡಿತು, ನೀರಿನ ಸಾರದಲ್ಲಿ ಹೆಚ್ಚೇನೂ ಕಾಣಲಿಲ್ಲ.

ಇದನ್ನು ಡೋಣಿ ಕಡೆಯ ಒಬ್ಬ ನಾಟಿ ವೈದ್ಯರ ಹತ್ತಿರ ಹೇಳಿದೆ. ಎಂಬತ್ತರ ಆಸುಪಾಸಿನ ಅಜ್ಜಾರು. 'ತಮ್ಮಾ, ಬಂದರಿಕಿ ಯಾರು ಕುದಸ್ತಾರ? ಅದನ್ನ ಅರದು ಕಟ್ಟೂದು. ಎಲಿ ಮುಟ್ಟಿ ನೋಡು, ಕೈಗೆ ಅಂಟತೈತಿ' ಅಂದರು. ಬಂದರಿಕೆ ಎಲೆಯ ಮೈಮೇಲೆ ಅಂಟುರಾಳ ಇರುತ್ತದೆ. ನೀರಿಗೆ ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅರೆದು ಕಟ್ಟಿದರೆ ರಾಳ ನೇರವಾಗಿ ಗಾಯದ ಮೇಲೇ ಕೂರುತ್ತದೆ. ಯಾವುದನ್ನು ಕುದಿಸಬೇಕು, ಯಾವುದನ್ನು ಅರೆಯಬೇಕು ಎಂಬ ವಿವರವನ್ನು ಸಂಶೋಧಕರು ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣಕ್ಕೆ ಡಿಪಿಪಿಎಚ್ ಪರೀಕ್ಷೆ ಮಾಡಿದೆ. ಈ ನೇರಳೆ ದ್ರಾವಣಕ್ಕೆ ಸಾರ ಸೇರಿಸಿ ಕತ್ತಲಲ್ಲಿ 30 ನಿಮಿಷ ಇಟ್ಟರೆ, ಗುಣವಿದ್ದಷ್ಟು ಬಣ್ಣ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರ್‌ನಲ್ಲಿ ಅಳೆದು ವಿಟಮಿನ್ ಸಿ ಜೊತೆ ಹೋಲಿಸುತ್ತೇವೆ. ಸಾರಕ್ಕೆ ತನ್ನದೇ ಬಣ್ಣ ಇರುತ್ತದಲ್ಲ, ಅದನ್ನು ಬೇರೆಯಾಗಿ ಅಳೆದು ಕಳೆಯಲೇಬೇಕು. ಇಲ್ಲೂ ಅಳಲೆಯೇ ಮುಂದು, ತಂಗಡಿ ಅದರ ಹಿಂದೆ.

ವಿಷಯ ತಿಳಿದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ತಮ್ಮ ಅಳಲೆ ಪುಡಿಯ ಪ್ಯಾಕೆಟ್ ಮೇಲೆ 'ಲ್ಯಾಬಿನಲ್ಲಿ ಸಾಬೀತು' ಎಂದು ಹಾಕಲು ಕೇಳಿದರು. ನಾನು ಒಪ್ಪಲಿಲ್ಲ. ಕೊಳವೆಯಲ್ಲಿ ಬಣ್ಣ ಬದಲಾದರೆ ರಕ್ತದಲ್ಲೂ ಹಾಗೇ ಆಗುತ್ತದೆ ಎನ್ನಲು ಬರುವುದಿಲ್ಲ. ಹೊಟ್ಟೆ, ಕರುಳು, ಯಕೃತ್ತು ದಾಟಿ ಎಷ್ಟು ಉಳಿಯುತ್ತದೆ ಎಂಬುದು ಬೇರೆಯೇ ಪರೀಕ್ಷೆ.

ವಲಯದ ಅಗಲವನ್ನೂ ನಾನು ಪೂರ್ತಿ ನಂಬುವುದಿಲ್ಲ. ದೊಡ್ಡ ಅಣುಗಳು ಅಗರ್‌ನಲ್ಲಿ ದೂರ ಹರಡುವುದಿಲ್ಲ, ಶಕ್ತಿ ಇದ್ದರೂ ವಲಯ ಚಿಕ್ಕದಾಗಿ ಕಾಣಬಹುದು. ಅದಕ್ಕೇ ಈಗ ಎಂಐಸಿ ನೋಡುತ್ತಿದ್ದೇನೆ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾಗುವ ಅತಿ ಕಡಿಮೆ ಪ್ರಮಾಣ. ಅಳಲೆಯ ಟ್ಯಾನಿನ್ ದ್ರವವನ್ನು ಮಬ್ಬು ಮಾಡುವುದರಿಂದ ಬರೀ ಕಣ್ಣಳತೆ ಸಾಲದು. ರೆಸಜುರಿನ್ ಬಣ್ಣ ಹಾಕುತ್ತೇನೆ: ಬ್ಯಾಕ್ಟೀರಿಯಾ ಬದುಕಿದ್ದರೆ ಗುಲಾಬಿ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಮೊದಲ ಸರದಿ ಬಂದರಿಕೆಯದು.