ಮರುಭೂಮಿಯಲ್ಲಿ ಗುಂಪಾಗಿ ಕ್ಯಾಂಪಿಂಗ್: ಬ್ಯಾಗ್ ಕಟ್ಟುವುದರಿಂದ ಬೆಳಗಿನವರೆಗೆ

ಮೊದಲ ಸಲ ಮರುಭೂಮಿಗೆ ಹೊರಟವರು ಬಿಸಿಲಿಗೆ ತಯಾರಾಗುತ್ತಾರೆ, ಚಳಿಯನ್ನು ಮರೆಯುತ್ತಾರೆ. ಅಲ್ಲಿ ಗಾಳಿ ಒಣ, ಆಕಾಶದಲ್ಲಿ ಮೋಡವಿಲ್ಲ. ಹಗಲೆಲ್ಲ ಕಾದ ನೆಲ ಹೊತ್ತು ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಹಗಲಿಗೂ ರಾತ್ರಿಗೂ 20 ಡಿಗ್ರಿ ವ್ಯತ್ಯಾಸ ಹೊಸದೇನಲ್ಲ. ಹಾಗಾಗಿ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಮೊದಲು ಎತ್ತಿಡಿ. ಹಗಲಿಗೆ ತುಂಬು ತೋಳಿನ ಸಡಿಲ ಬಟ್ಟೆ, ಮರಳುಗಾಳಿ ಎದ್ದರೆ ಮುಖಕ್ಕೆ ಸುತ್ತಿಕೊಳ್ಳಲು ಉದ್ದನೆಯ ವಸ್ತ್ರ. ಹೊಸ ಶೂ ಮಾತ್ರ ಬೇಡವೇ ಬೇಡ. ಹಾಕಿ ಓಡಾಡಿ ಕಾಲಿಗೆ ಒಗ್ಗಿದ ಜೋಡಿಯೇ ಇರಲಿ.

ದುಡ್ಡು ಕಟ್ಟುವ ಮುಂಚೆ ಗೈಡ್ ಹತ್ತಿರ ಮಾತಾಡಿ. ತಲಾ ಎಷ್ಟು ನೀರು ಒಯ್ಯುತ್ತಾರೆ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್ ಫೋನ್ ಇದೆಯಾ? ನಿಮ್ಮ ಬಿಪಿ, ಶುಗರ್, ನುಂಗುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಬೇಗ ಹೊರಹಾಕುತ್ತವೆ.

ಇನ್ನು ನೀರು. ಕುಡಿಯೋದಕ್ಕೇ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಾಕಿ. ನಡಿಗೆ ಜಾಸ್ತಿ ಇದ್ದರೆ ಅದೂ ಸಾಲದು. ಒಣ ಗಾಳಿಯಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ. ನಾನು ಬೆವರುತ್ತಲೇ ಇಲ್ಲ ಅನ್ನಿಸುತ್ತದೆ. ಟೋಪಿಯ ಒಳಪಟ್ಟಿ ತಿರುಗಿಸಿ ನೋಡಿ, ಬಿಳಿ ಉಪ್ಪಿನ ಗೆರೆ ಕಾಣುತ್ತದೆ. ಹೋದ ಉಪ್ಪೂ ವಾಪಸ್ ಬರಬೇಕು. ಬರೀ ನೀರು ಕುಡಿಯುತ್ತಾ ಹೋದರೆ ತಲೆನೋವು, ವಾಕರಿಕೆ ಶುರುವಾಗಬಹುದು. ನಡುನಡುವೆ ಏನಾದರೂ ತಿನ್ನಿ, ಒಆರ್‌ಎಸ್ ಪುಡಿ ಜೊತೆಗಿರಲಿ. ಮೂತ್ರ ಕಡು ಹಳದಿಯಾದರೆ ನೀರು ಕಡಿಮೆಯಾಗಿದೆ ಎಂದೇ ತಿಳಿಯಿರಿ.

ನಡಿಗೆ ಬೆಳಿಗ್ಗೆ ಮತ್ತು ಇಳಿಹೊತ್ತಿಗೆ. ನೆತ್ತಿಯ ಮೇಲೆ ಸೂರ್ಯ ಇರುವಾಗ ನೆರಳಲ್ಲಿ ಕೂರಬೇಕು. ಮುಂದೆ ಗೈಡ್, ಕೊನೆಗೆ ದಾರಿ ಗೊತ್ತಿರುವ ಇನ್ನೊಬ್ಬರು, ನಿಧಾನವಾಗಿ ನಡೆಯುವವರ ಹೆಜ್ಜೆಗೆ ಎಲ್ಲರ ಹೆಜ್ಜೆ. ಗುಂಪಿನಲ್ಲಿ ಹೋಗುವವರಿಗೆ ನಾನು ಒತ್ತಿ ಹೇಳುವುದು ಒಂದೇ: ಸಣ್ಣ ತೊಂದರೆಯನ್ನು ಸಣ್ಣದಿರುವಾಗಲೇ ಬಾಯಿಬಿಟ್ಟು ಹೇಳಿ. ಒಮ್ಮೆ ನನ್ನ ಹಿಮ್ಮಡಿ ಉರಿಯತೊಡಗಿತ್ತು. ಸುಮ್ನೆ ಎಲ್ಲರನ್ನೂ ಯಾಕೆ ನಿಲ್ಲಿಸೋದು ಅಂತ ತಡೆದುಕೊಂಡೆ. ಸಂಜೆಗೆ ಗುಳ್ಳೆ ಒಡೆದು ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಮರುದಿನ ನನ್ನ ಬ್ಯಾಗನ್ನು ಇಬ್ಬರು ಸರದಿಯ ಮೇಲೆ ಹೊತ್ತರು. ಮೊದಲೇ ಹೇಳಿದ್ದರೆ ಶೂ ಬಿಚ್ಚಿ, ಮರಳು ಕೊಡವಿ, ಪಟ್ಟಿ ಅಂಟಿಸಲು ಐದು ನಿಮಿಷ ಸಾಕಿತ್ತು.

ಯಾವಾಗಲಾದರೂ ಗುಂಪು ಕಣ್ತಪ್ಪಿದರೆ ಹುಡುಕಿಕೊಂಡು ಅಲೆಯಬೇಡಿ. ಇದ್ದಲ್ಲೇ ನೆರಳು ಮಾಡಿಕೊಂಡು ಕೂತು, ಮೂರು ಮೂರು ಸಲ ಸೀಟಿ ಊದಿ.

ಟೆಂಟ್ ಹಾಕಲು ಒಣ ಹಳ್ಳದ ಪಾತ್ರ ಆಸೆ ಹುಟ್ಟಿಸುತ್ತದೆ. ನೆಲ ಸಮ, ಮರಳು ಮೆತ್ತಗೆ, ಗಾಳಿಯೂ ಕಮ್ಮಿ. ಅಲ್ಲಿ ಮಾತ್ರ ಮಲಗಬೇಡಿ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆ ಬಿದ್ದರೂ ನೀರು ಅದೇ ಪಾತ್ರದಲ್ಲಿ ನುಗ್ಗಿ ಬರುತ್ತದೆ, ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೂ.

ಸಡಿಲ ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಅದರ ನಡುವಿಗೆ ಟೆಂಟಿನ ಹಗ್ಗ ಬಿಗಿಯಿರಿ. ಮೊಣಕೈ ಆಳಕ್ಕೆ ಗುಂಡಿ ತೋಡಿ ಹೂತು, ಮೇಲೆ ಮರಳೆಳೆದು ಚೆನ್ನಾಗಿ ತುಳಿಯಿರಿ. ಹಗ್ಗ ಜಗ್ಗಿದರೆ ಅಲುಗಬಾರದು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ.

ಕೆಲವು ಮರುಭೂಮಿಗಳಲ್ಲಿ, ಅಮೆರಿಕದ ಯೂಟಾ ಕಡೆ ಹೆಚ್ಚಾಗಿ, ನೆಲದ ಮೇಲೆ ಉಬ್ಬುತಗ್ಗಿನ ಕಪ್ಪು ಹೊಪ್ಪಳೆ ಕಾಣುತ್ತದೆ. ಅದು ಜೀವಂತ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಳೆ ಹೆಣೆದು ಮಣ್ಣನ್ನು ಹಿಡಿದಿಟ್ಟಿರುತ್ತವೆ. ಒಂದು ಹೆಜ್ಜೆಯ ಗಾಯ ಮಾಯಲು ಹತ್ತಾರು ವರ್ಷ ಬೇಕಾಗಬಹುದು. ಬಂಡೆಯ ಮೇಲೆ, ಇಲ್ಲವೇ ಇರುವ ಕಾಲುದಾರಿಯಲ್ಲೇ ನಡೆಯಿರಿ. ಬಳಸಿದ ಟಾಯ್ಲೆಟ್ ಪೇಪರ್ ಕೂಡ ವಾಪಸ್ ತನ್ನಿ. ಒಣ ಮಣ್ಣಲ್ಲಿ ಅದು ಬೇಗ ಕೊಳೆಯುವುದಿಲ್ಲ.

ಊಟ ಆದ ಮೇಲೆ ಎಲ್ಲರೂ ಟಾರ್ಚ್ ಆರಿಸಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ನೋಡಿ ಆಕಾಶವನ್ನು! ಮಲಗುವಾಗ ಶೂ ಒಳಗಿಟ್ಟು ಟೆಂಟಿನ ಜಿಪ್ ಪೂರ್ತಿ ಎಳೆಯಿರಿ. ಬೆಳಿಗ್ಗೆ ಕಾಲು ತೂರಿಸುವ ಮುಂಚೆ ಎರಡೂ ಶೂ ತಲೆಕೆಳಗು ಮಾಡಿ ಬಡಿಯಿರಿ, ಚೇಳಿದ್ದರೆ ಬಿದ್ದು ಹೋಗಲಿ.