ತೂಬು ಎತ್ತುವ ಮುಂಚೆ ಊರವರನ್ನು ಕೂರಿಸುವುದು ಹೇಗೆ

ಕೋಲಾರದ ಕಡೆ ಕೆರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ತೂಬು, ಅಂದರೆ ಕೆರೆ ನೀರನ್ನು ಗದ್ದೆಗೆ ಬಿಡುವ ಬಾಗಿಲು, ಎತ್ತುವ ವಿಚಾರಕ್ಕೆ ನಾನು ಕರೆದ ಮೊದಲ ಸಭೆ ಕೆಟ್ಟುಹೋಯಿತು. ಬೆಳಗ್ಗೆ ಹನ್ನೊಂದಕ್ಕೆ, ಶಾಲೆ ಜಗಲಿಯಲ್ಲಿ. ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಗದ್ದೆಗಳ, ನಾಲ್ಕು ದೊಡ್ಡ ರೈತರು ಮಾತಾಡಿದರು, ಉಳಿದವರು ಸುಮ್ನೆ ಕೂತಿದ್ದರು. ಎಲ್ಲರೂ ಒಪ್ಪಿದರು ಅಂತ ಪುಸ್ತಕದಲ್ಲಿ ಬರೆದುಕೊಂಡು ಬಂದೆ. ಮೂರನೇ ದಿನ ನೋಡಿದರೆ ತೂಬಿನ ಬಾಯಿಗೆ ಮಣ್ಣಿನ ಮೂಟೆ ಬಿದ್ದಿತ್ತು. ಸುಮ್ನೆ ಕೂತವರು ಒಪ್ಪಿರಲಿಲ್ಲ. ಅವರನ್ನು ನಾನು ಕೇಳಿರಲೇ ಇಲ್ಲ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಹಾಗಾಗಿ ಕೆರೆ ನೀರಿನ ಮೇಲೆ ಎಲ್ಲರ ಕಣ್ಣು. ಅಚ್ಚುಕಟ್ಟಿನವರಿಗೆ ತೂಬು ಎತ್ತಬೇಕು. ಬೋರ್‌ವೆಲ್ ಇರುವವರಿಗೆ ನೀರು ಕೆರೆಯಲ್ಲೇ ನಿಂತು ಇಂಗಬೇಕು. ಮೀನಿನ ಗುತ್ತಿಗೆ ಹಿಡಿದವರಿಗೆ ಮೀನು ಬಲಿಯುವ ತನಕ ನೀರು ಇಳಿಯಬಾರದು. ಕುರಿ, ದನ ಇರುವವರಿಗೆ ಬೇಸಿಗೆಗೆ ಒಂದಿಷ್ಟಾದರೂ ಉಳಿಯಬೇಕು. ಯಾರ ಮಾತೂ ಸುಳ್ಳಲ್ಲ, ಅಲ್ವಾ?

ಅದಕ್ಕೇ ಮೊದಲು ಸಭೆ ಕರೆಯಬೇಡಿ. ಒಂದು ವಾರ ಊರಲ್ಲಿ ಓಡಾಡಿ. ಮೊದಲು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಹತ್ತಿರ ಹೋಗಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗುತ್ತದೆ, ಎಲ್ಲಿ ಜಗಳ ಆಗುತ್ತದೆ ಎಲ್ಲ ಅವರಿಗೆ ಗೊತ್ತು. ಬಟ್ಟೆ ಒಗೆಯುವ ಹೆಂಗಸರನ್ನು ಕೆರೆ ದಡದಲ್ಲೇ ಮಾತಾಡಿಸಿ. ನೀರು ಎಲ್ಲರಿಗಿಂತ ಕೊನೆಗೆ ಮುಟ್ಟುವ ಕೊನೆ ಗದ್ದೆಯವರ ಹತ್ತಿರ ಅವರ ಬದುವಿನ ಮೇಲೇ ಕೂತು ಕೇಳಿ. ಕೆರೆ ಯಾರ ಕೈಯಲ್ಲಿದೆ ಅನ್ನೋದನ್ನೂ ತಿಳಿದುಕೊಳ್ಳಿ: ಅಚ್ಚುಕಟ್ಟು 40 ಹೆಕ್ಟೇರಿನ ಒಳಗಿದ್ದರೆ ಪಂಚಾಯಿತಿ, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ.

ಸಭೆಯ ಹೊತ್ತು ಮುಖ್ಯ. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಕರೆದರೆ ಹೆಂಗಸರೂ ಬರುತ್ತಾರೆ. ಜಾಗ ಇನ್ನೂ ಮುಖ್ಯ. ಗುಡಿ ಮುಂದೆ ಬೇಡ, ದೊಡ್ಡವರ ಮನೆ ಜಗಲಿ ಬೇಡವೇ ಬೇಡ. ಅಲ್ಲಿ ದಲಿತ ಕೇರಿಯವರು ದೂರ ನಿಂತುಬಿಡುತ್ತಾರೆ. ಕೆರೆ ಏರಿಯ ಮೇಲೆ ಎಲ್ಲರೂ ನೆಲದಲ್ಲೇ ಕೂರಲಿ.

ಮೊದಲ ಮಾತು ಕೊನೆ ಗದ್ದೆಯವರದ್ದು. ದೊಡ್ಡ ರೈತರದ್ದು ಕೊನೆಗೆ. ಇದರಲ್ಲಿ ನಾನು ಯಾವತ್ತೂ ಸಡಿಲ ಬಿಡುವುದಿಲ್ಲ. ಇನ್ನೊಂದು, ಒಬ್ಬರು ಮಾತು ಮುಗಿಸಿದ ಮೇಲೆ ಮುಂದಿನವರು "ಅವರು ಹೇಳಿದ್ದು ಇದು" ಅಂತ ಹೇಳಿಯೇ ತಮ್ಮದನ್ನು ಶುರು ಮಾಡಬೇಕು. ಒಮ್ಮೆ ಬೋರ್‌ವೆಲ್ ಇದ್ದ ಒಬ್ಬರು ಕುರಿ ಕಾಯುವ ಅಜ್ಜನ ಮಾತನ್ನು ಮೂರು ಸಲ ತಪ್ಪಾಗಿ ಹೇಳಿದರು. ಅಜ್ಜ ಮೂರು ಸಲವೂ ತಿದ್ದಿದರು. ನಾಲ್ಕನೇ ಸಲ ಸರಿಯಾಗಿ ಬಂತು. ಅಷ್ಟೊತ್ತಿಗೆ ಇಬ್ಬರ ದನಿಯೂ ಇಳಿದಿತ್ತು.

ಮಾತು ಬಿಸಿಯಾದರೆ ಎಲ್ಲರನ್ನೂ ಎಬ್ಬಿಸಿ ತೂಬಿನ ಹತ್ತಿರ ಕರೆದುಕೊಂಡು ಹೋಗಿ. "ಸ್ವಲ್ಪ ನೀರು ಬಿಡಿ" ಅನ್ನೋ ಮಾತಿನಿಂದಲೇ ಅರ್ಧ ಜಗಳ. ಸ್ವಲ್ಪ ಅಂದರೆ ಎಷ್ಟು? ತೂಬಿನ ಕಲ್ಲುಕಂಬ ತೋರಿಸಿ ಕೇಳಿ: ನಿಮಗೆ ನೀರು ಎಲ್ಲಿಯವರೆಗೆ ಇರಬೇಕು? ಒಬ್ಬೊಬ್ಬರೂ ಕೈಯಿಟ್ಟು ತೋರಿಸಲಿ. ಅಲ್ಲಿ ಸುಣ್ಣದ ಗೆರೆ ಎಳೆಯಿರಿ. ಒಮ್ಮೆ ಹೀಗೆ ಮಾಡಿದಾಗ ನಮ್ಮ ಕಂಬದ ಮೇಲೆ ಐದು ಗೆರೆ ಬಿದ್ದವು. ಮೀನಿನವರ ಗೆರೆಗೂ ದನದವರ ಗೆರೆಗೂ ನಡುವೆ ಬರೀ ಒಂದು ಗೇಣು.

ಒಪ್ಪಿಗೆ ಆಗದಿದ್ದರೆ ಬಲವಂತ ಬೇಡ. ಯಾರು ಏನಂದರು ಅನ್ನೋದನ್ನು ಅವರ ಮಾತಲ್ಲೇ ಬರೆದು, ಅಲ್ಲೇ ಜೋರಾಗಿ ಓದಿ. ತಪ್ಪಿದ್ದರೆ ತಿದ್ದಿ, ಆಮೇಲೆ ಸಹಿ, ಹೆಬ್ಬೆಟ್ಟು. ಮುಂದಿನ ಸಭೆ ಯಾವತ್ತು ಅಂತ ಏರಿಯಿಂದ ಇಳಿಯುವ ಮುಂಚೆಯೇ ಗೊತ್ತು ಮಾಡಿ, ಪುಸ್ತಕವನ್ನು ನೀರುಗಂಟಿಯ ಕೈಗೆ ಕೊಡಿ.