ಮೂರು ಲಕ್ಷದ ಗೆರೆ ದಾಟಿದ ನಮ್ಮ ಮನೆ ಲೆಕ್ಕ

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಮನೆಯಲ್ಲೇ ನಾಲ್ಕು ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯುತ್ತೇವೆ. ಕಟಿಂಗ್ ಆದ ಬಟ್ಟೆ ಗಂಟುಗಂಟಾಗಿ ಬರುತ್ತದೆ, ಪೀಸಿನ ಲೆಕ್ಕದಲ್ಲಿ ಕೂಲಿ. ಜಾಗ ನನ್ನ ಹೆಸರಿನಲ್ಲಿದೆ, ಮೇಲೆ ಮಾತ್ರ ತಗಡು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಮಷಿನ್ ಮುಟ್ಟಿದರೆ ಕೈ ಸುಡುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಶುರುವಾಯಿತು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯವಿದ್ದು ಸ್ವಂತ ಜಾಗ ಇದ್ದವರಿಗೆ ಮನೆ ಕಟ್ಟಲು ಸಹಾಯಧನ ಸಿಗುತ್ತದೆ ಎಂದು ಓಣಿಯಲ್ಲಿ ಎಲ್ಲರೂ ಅರ್ಜಿ ಹಾಕಲು ಹೊರಟರು. ನಾನೂ ಹೊರಟೆ. ಅರ್ಜಿ ತುಂಬುವ ಹುಡುಗ ಕೇಳದೆಯೇ ಹೇಳಿದ: "ಅಕ್ಕಾ, ವರ್ಷದ ಆದಾಯ 40 ಸಾವಿರ ಅಂತ ಹಾಕ್ತೀನಿ, ಎಲ್ಲರದೂ ಹಂಗೇ ಹಾಕೋದು." ನನ್ನ ಪಾಸ್‌ಬುಕ್ ನೋಡಿದರೆ ಅದೇ ವರ್ಷ 3,52,000 ಜಮಾ. ಎರಡೂ ನನ್ನ ಆದಾಯವಲ್ಲ.

ಅವತ್ತು ಅರ್ಜಿ ಹಾಕದೆ ವಾಪಸ್ ಬಂದೆ. ಗಂಟು ಬಂದ ದಿನ, ಪೀಸು, ಯಾರಿಗೆಷ್ಟು ಕೊಟ್ಟೆ ಅಂತ ಬರೆದಿಡುವ ಉದ್ದ ನೋಟ್‌ಬುಕ್ ಇದೆ ನನ್ನ ಹತ್ತಿರ, ಮಷಿನ್ ಎಣ್ಣೆಯ ಕಲೆ ಹತ್ತಿದ್ದು. ರಾತ್ರಿ ಅದನ್ನೇ ಬಿಡಿಸಿ ಕೂತೆ. ಜೊತೆಗೆ ಹೊಲಿಯುವ ಮೂವರು ಹೆಣ್ಣುಮಕ್ಕಳ ಕೂಲಿಯೂ ನನ್ನ ಖಾತೆಗೇ ಬೀಳುತ್ತದೆ, ಅದು 2,16,000. ದಾರ, ಸೂಜಿ, ಎಣ್ಣೆ, ಕರೆಂಟು 31,000. ಕಳೆದರೆ ನನಗೆ ಉಳಿದದ್ದು 1,05,000. ಖಾತೆಗೆ ಬಂದದ್ದೆಲ್ಲ ಆದಾಯ ಅಂದುಕೊಂಡು ಎಷ್ಟೋ ಜನ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಆಮೇಲೆ ಯಾರ್‍ಯಾರ ಆದಾಯ ಸೇರಿಸಬೇಕು ಅನ್ನುವ ಪ್ರಶ್ನೆ. ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ರೇಷನ್ ಕಾರ್ಡಿನಲ್ಲಿ ಮೈದುನ, ನೆಗೆಣ್ಣಿ ಹೆಸರಿದ್ದರೂ ಅವರದು ಬೇರೆ ಕುಟುಂಬ, ಅವರ ದುಡಿಮೆ ಲೆಕ್ಕಕ್ಕಿಲ್ಲ. ನಮ್ಮನೆಯವರು ಎಪಿಎಂಸಿಯಲ್ಲಿ ಹಮಾಲಿ, ಅವರದು 1,10,000. ಇಬ್ಬರದೂ ಕೂಡಿದರೆ 2,15,000, ಗೆರೆಯ ಒಳಗೇ. ಆದರೆ ತೋರಣಗಲ್ಲಿಗೆ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗುವ ಮಗನಿಗೆ ಇನ್ನೂ ಮದುವೆಯಾಗಿಲ್ಲ. ತಿಂಗಳಿಗೆ 13 ಸಾವಿರ, ವರ್ಷಕ್ಕೆ 1,56,000. ಒಟ್ಟು 3,71,000.

ಮಗನನ್ನು ಬಿಟ್ಟು ಬರಿ ಅಂದವರು ಬಹಳ. ಮನೆಮಂದಿಯ ಆಧಾರ್ ಎಲ್ಲ ಕೊಡುವಾಗ ಅವನೊಬ್ಬನನ್ನು ಎಲ್ಲಿ ಮುಚ್ಚಿಡಲಿ? ಮನಸ್ಸೂ ಒಪ್ಪಲಿಲ್ಲ. ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆಗೆ ಬಂದವರ ಮುಂದೆ ನೋಟ್‌ಬುಕ್ ಇಟ್ಟೆ.

ಸಹಾಯಧನದ ಬಾಗಿಲು ಮುಚ್ಚಿತು, ನಿಜ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ 3ರಿಂದ 6 ಲಕ್ಷದವರು ಕಡಿಮೆ ಆದಾಯದ ಗುಂಪು, 6ರಿಂದ 9 ಲಕ್ಷದವರು ಮಧ್ಯಮ ಆದಾಯದವರು. ಇದೇ ಯೋಜನೆಯಲ್ಲಿ ಇವರಿಗೂ ಗೃಹಸಾಲದ ಬಡ್ಡಿ ಸಬ್ಸಿಡಿ ಇದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ 12 ವರ್ಷದವರೆಗೆ ಶೇ. 4ರಷ್ಟು ಬಡ್ಡಿ ಸಬ್ಸಿಡಿ. ಹೆಚ್ಚೆಂದರೆ 1,80,000, ಐದು ವಾರ್ಷಿಕ ಕಂತಿನಲ್ಲಿ. ಸಬ್ಸಿಡಿಯ ಕಂತು ಬಿಡುಗಡೆಯಾಗುವಾಗ ಸಾಲದ ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು, ಹಾಗಾಗಿ ದುಡ್ಡು ಕೂಡಿತೆಂದು ಸಾಲವನ್ನು ಅವಸರದಲ್ಲಿ ತೀರಿಸುವ ಹಾಗಿಲ್ಲ. ದೇಶದಲ್ಲಿ ಎಲ್ಲೂ ಕುಟುಂಬದ ಯಾರ ಹೆಸರಿನಲ್ಲೂ ಪಕ್ಕಾ ಮನೆ ಇರಕೂಡದು, ಅದು ಎಲ್ಲರಿಗೂ ಒಂದೇ.

ಈ ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ ಆಗಿದ್ದು ಇದು. 40 ಸಾವಿರದ ಪತ್ರ ಹಿಡಿದು ಹೋಗಿದ್ದರೆ ತಿಂಗಳಿಗೆ ಒಂಬತ್ತು ಸಾವಿರದ ಕಂತು ಎಲ್ಲಿಂದ ಕಟ್ಟುತ್ತೀರಿ ಅಂತಲೇ ಕೇಳುತ್ತಿದ್ದರು. ಮಗನ ಸಂಬಳದ ಚೀಟಿ, ನನ್ನ ನೋಟ್‌ಬುಕ್, ಪಾಸ್‌ಬುಕ್ ಮೂರನ್ನೂ ತಾಳೆ ನೋಡಿ 8 ಲಕ್ಷ ಮಂಜೂರು ಮಾಡಿದರು.

ಈಗ ಗೋಡೆ ಲಿಂಟಲ್‌ವರೆಗೆ ಬಂದಿದೆ. ಮಷಿನ್‌ಗಳು ಪಕ್ಕದ ಮನೆಯ ಪಡಸಾಲೆಯಲ್ಲಿವೆ, ಸಂಜೆ ಗೋಡೆಗೆ ನೀರು ಹೊಡೆದು ಅಲ್ಲಿಗೇ ಹೊಲಿಯಲು ಹೋಗುತ್ತೇನೆ.